13 ತಿಂಗಳು ತಡವಾಗಿ ಬಂದ ಸ್ವಾತಂತ್ರ್ಯ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹೋರಾಟದ ಹಾದಿ

ರಾಯಚೂರು: 1947ರ ಆಗಸ್ಟ್ 15ರಂದು ತುಂಗಭದ್ರೆಯ ಬಲದಂಡೆಯ ಕಡೆಗಿರುವ ಸಿರುಗುಪ್ಪ ಸ್ವತಂತ್ರ ಭಾರತದ ಊರಾಯಿತು. ಅದೇ ನದಿಯ ಎಡದಂಡೆಯ ಕಡೆಗಿರುವ ಸಿಂಧನೂರು ಆಗಲಿಲ್ಲ. ಸಿರುಗುಪ್ಪ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಊರುಗಳು ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದವು. ಒಂದು ದಂಡೆಯಲ್ಲಿ ತ್ರಿವರ್ಣ ಧ್ವಜ ಹಾರಿಸಿ ಸಿಹಿ ಹಂಚಿದ ದಿನ, ಇನ್ನೊಂದು ದಂಡೆಯಲ್ಲಿ ಅದೇ ಧ್ವಜ ಹಿಡಿದವರಿಗೆ ಜೈಲು ಕಾದಿತ್ತು.

ಈ ಸೀಮೆಗೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಅಂದರೆ 13 ತಿಂಗಳು ತಡವಾಗಿ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಈ 13 ತಿಂಗಳ ಕಥೆಯನ್ನಷ್ಟೇ ಹೇಳುತ್ತವೆ. ಆದರೆ ಅದರ ಬೇರುಗಳು 1947ಕ್ಕಿಂತ ಬಹಳ ಹಿಂದಕ್ಕೆ ಚಾಚಿಕೊಂಡಿವೆ. ಇಲ್ಲಿನ ಜನ ಹೋರಾಡಿದ್ದು ಒಬ್ಬ ಅರಸನ ವಿರುದ್ಧ ಮಾತ್ರವಲ್ಲ. ಆ ಅರಸನ ಸಿಂಹಾಸನಕ್ಕೆ ಆಸರೆಯಾಗಿ ನಿಂತಿದ್ದ ಬ್ರಿಟಿಷ್ ಬಂದೂಕಿನ ವಿರುದ್ಧವೂ ಹೌದು. ಆ ಬಂದೂಕಿನ ಒಂದು ನೆಲೆ ಲಿಂಗಸುಗೂರಿನಲ್ಲಿಯೇ ಇತ್ತು ಎಂಬುದು ಇಂದು ಹಲವರಿಗೆ ಮರೆತುಹೋಗಿದೆ.

ಎಡೆದೊರೆ ನಾಡು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶವನ್ನು ಶಾಸನಗಳು ‘ಎಡೆದೊರೆ’ ಎಂದು ಕರೆದಿವೆ. ಮುಂದೆ ಅದು ‘ರಾಯಚೂರು ದೋಆಬ್’ ಎನಿಸಿತು. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಪತ್ತೆ ಹಚ್ಚಿದ್ದು ಮಸ್ಕಿಯಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಚೋಳರು ಮತ್ತು ಕಲ್ಯಾಣ ಚಾಲುಕ್ಯರ ನಡುವೆ ನಡೆದ ಮುಸಂಗಿ ಕದನದ ಸ್ಥಳವೂ ಮಸ್ಕಿಯೇ ಎಂದು ಹಲವು ಇತಿಹಾಸಕಾರರು ಗುರುತಿಸುತ್ತಾರೆ. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹಿಗೂ ರಾಯಚೂರು ಕೋಟೆಗಾಗಿ ಯುದ್ಧ ನಡೆಯಿತು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆಯೂ ಇಂಥ ಕಾಳಗಗಳನ್ನು ಕಂಡಿದೆ.

ವಸಾಹತು ಕಾಲದ ಗಡಿಯನ್ನು ಗೆರೆ ಎಳೆದು ನಿಗದಿಪಡಿಸಿದ್ದು 1800ರ ಒಪ್ಪಂದ. ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧಗಳಲ್ಲಿ ಪಾಲಾಗಿ ಬಂದಿದ್ದ ಬಳ್ಳಾರಿ, ಕಡಪ ಮುಂತಾದ ಸೀಮೆಗಳನ್ನು ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೆ ಪ್ರತಿಯಾಗಿ ಕಂಪನಿಯ ಸೇನೆ ಅವನ ರಕ್ಷಣೆಗೆ ನಿಂತಿತು. ಹೀಗೆ ತುಂಗಭದ್ರೆ ಎರಡು ಆಡಳಿತಗಳ ಗಡಿಯಾಯಿತು. 1818ರಲ್ಲಿ ಪೇಶ್ವೆಯ ಪತನವಾದ ಮೇಲೆ ಪಶ್ಚಿಮದ ಹುನಗುಂದ ಭಾಗವೂ ಕಂಪನಿಯ ಕೈಸೇರಿತು. ಸಿಂಧನೂರಿನ ದಕ್ಷಿಣಕ್ಕೆ ಬ್ರಿಟಿಷರು, ಲಿಂಗಸುಗೂರಿನ ಪಶ್ಚಿಮಕ್ಕೂ ಬ್ರಿಟಿಷರು. ನಡುವಿನ ನೆಲ ಮಾತ್ರ ನಿಜಾಮನದು.

ಸಾಲಕ್ಕೆ ಹೋದ ನೆಲ

ನಿಜಾಮನ ಹೆಸರಿನಲ್ಲಿ, ನಿಜಾಮನ ಖರ್ಚಿನಲ್ಲಿ, ಆದರೆ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಒಂದು ಪಡೆ ಇತ್ತು. ಅದೇ ‘ಹೈದರಾಬಾದ್ ಕಂಟಿಂಜೆಂಟ್’. ಅದರ ಠಾಣ್ಯಗಳಲ್ಲಿ ಲಿಂಗಸುಗೂರು ಒಂದು. ಇಲ್ಲಿದ್ದ ದಂಡಿನ ಛಾವಣಿಯಿಂದಾಗಿ ಊರಿನ ರೂಪವೇ ಬದಲಾಯಿತು.

ಈ ಪಡೆಯ ವೆಚ್ಚ ನಿಜಾಮನ ಖಜಾನೆಗೆ ಭಾರವಾಗಿ ಸಂಬಳ ಬಾಕಿ ಬೆಳೆಯಿತು. ಬಾಕಿಯನ್ನು ಕಂಪನಿಯೇ ತುಂಬಿ, ಅದನ್ನು ನಿಜಾಮನ ಹೆಸರಿಗೆ ಸಾಲವೆಂದು ಬರೆದುಕೊಂಡಿತು. ಕೊನೆಗೆ 1853ರ ಒಪ್ಪಂದದಲ್ಲಿ ಬೇರಾರ್, ಧಾರಾಶಿವ ಹಾಗೂ ರಾಯಚೂರು ದೋಆಬ್ ಸೀಮೆಗಳ ಆಡಳಿತವನ್ನು ಕಂಪನಿಗೆ ವಹಿಸಿಕೊಡಬೇಕಾಯಿತು. ಲಿಂಗಸುಗೂರು, ಸಿಂಧನೂರು, ಮಸ್ಕಿಯ ರೈತ ಕಟ್ಟಿದ ಕಂದಾಯ ತನ್ನನ್ನೇ ಹತ್ತಿಕ್ಕಬಲ್ಲ ಪಡೆಯ ಸಂಬಳಕ್ಕೆ ಹೋಗತೊಡಗಿತು. ಏಳು ವರ್ಷ ಈ ಸೀಮೆ ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. 1857ರ ಬಂಡಾಯ ಸ್ಫೋಟಿಸಿದ್ದು ಇದೇ ಅವಧಿಯಲ್ಲಿ.

1858: ಸುರಪುರದತ್ತ ದಂಡು

ಲಿಂಗಸುಗೂರಿನಿಂದ ಉತ್ತರಕ್ಕೆ, ಕೃಷ್ಣೆಯ ಆಚೆ ಸುರಪುರ ಸಂಸ್ಥಾನವಿದೆ. ಇಲ್ಲಿನ ನಾಯಕ ಅರಸರು ಮೊಗಲರನ್ನೂ ಎದುರಿಸಿದ್ದ ಬೇಡ ವೀರರ ಮನೆತನದವರು. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಉಸ್ತುವಾರಿ ನೋಡಿಕೊಂಡವನು ಮೆಡೋಸ್ ಟೇಲರ್. 1853ರಲ್ಲಿ ಅಧಿಕಾರ ಯುವ ದೊರೆಗೆ ಬಂದಿತು.

1857ರಲ್ಲಿ ಉತ್ತರ ಭಾರತದ ಬಂಡಾಯದ ಸುದ್ದಿ ದಕ್ಷಿಣಕ್ಕೂ ಹರಡಿತು. ಆ ವರ್ಷದ ನವೆಂಬರ್‌ನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದರು. ವೆಂಕಟಪ್ಪ ನಾಯಕ ಸೈನ್ಯ ಕೂಡಿಸುತ್ತಿದ್ದಾನೆ ಎಂಬ ಶಂಕೆಯ ಮೇಲೆ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಅಲ್ಲಿಗೆ ಅಧಿಕಾರಿಯನ್ನು ಕಳುಹಿಸಿದ. ಮಾತುಕತೆ ಫಲಿಸಲಿಲ್ಲ. 1858ರ ಫೆಬ್ರುವರಿ ಮೊದಲ ವಾರದಲ್ಲಿ ಕ್ಯಾಪ್ಟನ್ ವಿಂಡಮ್‌ನ ನೇತೃತ್ವದಲ್ಲಿ ಲಿಂಗಸುಗೂರಿನಿಂದ ಕಂಟಿಂಜೆಂಟ್ ಪಡೆ ಸುರಪುರದತ್ತ ಹೊರಟಿತು.

ಪಡೆ ಊರ ಬಳಿ ಬೀಡುಬಿಟ್ಟ ರಾತ್ರಿಯೇ ಸುರಪುರದವರು ದಾಳಿ ನಡೆಸಿದರು. ಮರುದಿನದ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ನ್ಯೂಬೆರಿ ಹತನಾದ. ಆದರೆ ಇನ್ನಷ್ಟು ಸೇನೆ ಬರುತ್ತಿದ್ದಂತೆ ಕೋಟೆಯನ್ನು ಉಳಿಸಿಕೊಳ್ಳುವುದು ಅಸಾಧ್ಯವಾಯಿತು. ನೆರವು ದೊರೆಯಬಹುದೆಂಬ ಭರವಸೆಯಿಂದ ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗನ ಆಡಳಿತ ಅವನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿತು. ವಿಚಾರಣೆಯಲ್ಲಿ ಮರಣದಂಡನೆ ವಿಧಿಸಲಾಯಿತು. ಬಳಿಕ ಅದು ಸೆರೆವಾಸಕ್ಕೆ ಇಳಿಯಿತು. ಸೆರೆಮನೆಗೆ ಕರೆದೊಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಗುಂಡೇಟಿನಿಂದ ಅವನ ಸಾವು ಸಂಭವಿಸಿತು.

ಇತ್ತ ದೋಆಬಿನ ಪಶ್ಚಿಮ ಅಂಚಿನಲ್ಲಿ ಮುಂಡರಗಿ ಭೀಮರಾವ್ ಬಂಡೆದ್ದು ಡಂಬಳದ ಖಜಾನೆಯನ್ನು ವಶಪಡಿಸಿಕೊಂಡ. ಹಮ್ಮಿಗೆಯ ಕೆಂಚನಗೌಡನೊಂದಿಗೆ ಕೊಪ್ಪಳ ಕೋಟೆ ಸೇರಿದ. 1858ರ ಜೂನ್ 1ರಂದು ಬ್ರಿಟಿಷ್ ಸೇನೆ ಕೋಟೆಗೆ ನುಗ್ಗಿದಾಗ ಇಬ್ಬರೂ ಹೋರಾಡುತ್ತಲೇ ಮಡಿದರು. ಆ ಕೋಟೆ ಇದ್ದದ್ದು ಸಾಲಾರ್ ಜಂಗನ ಜಾಗೀರಿನಲ್ಲಿ.

ನಿಷ್ಠೆಗೆ ಬಹುಮಾನ ತಡವಾಗಲಿಲ್ಲ. 1860ರ ಒಪ್ಪಂದದಲ್ಲಿ ರಾಯಚೂರು ದೋಆಬ್ ಮತ್ತು ಧಾರಾಶಿವ ನಿಜಾಮನಿಗೆ ಮರಳಿದವು. ಸುರಪುರವೂ ಅವನಿಗೇ ಸೇರಿತು. 50 ಲಕ್ಷ ರೂಪಾಯಿ ಸಾಲವನ್ನು ಮನ್ನಾ ಮಾಡಲಾಯಿತು. ಯಾರ ನೆಲ, ಯಾರ ಸಾಲ, ಯಾರ ಬಲಿದಾನ ಎಂದು ಕೇಳುವವರು ಇರಲಿಲ್ಲ. ಮುಂದೆ 1947ರವರೆಗೆ ಈ ಸೀಮೆಯ ಜನರಿಗೆ ಇಬ್ಬರು ಒಡೆಯರು. ಕಣ್ಣಿಗೆ ಕಾಣುವವನು ನಿಜಾಮ, ಅವನ ಹಿಂದೆ ನಿಂತವನು ಬ್ರಿಟಿಷ್ ರೆಸಿಡೆಂಟ್.

ಭಾಷೆಯೇ ಮೊದಲ ಹೋರಾಟ

ಆ ಕಾಲದಲ್ಲಿ ಲಿಂಗಸುಗೂರು ಜಿಲ್ಲಾ ಕೇಂದ್ರವಾಗಿತ್ತು. ಸಿಂಧನೂರು ಅದರ ತಾಲ್ಲೂಕುಗಳಲ್ಲಿ ಒಂದು. 1903ರಲ್ಲಿ ಕಂಟಿಂಜೆಂಟ್ ಪಡೆ ಭಾರತೀಯ ಸೇನೆಯಲ್ಲಿ ವಿಲೀನಗೊಂಡಿತು. 1905ರಲ್ಲಿ ಲಿಂಗಸುಗೂರು ಜಿಲ್ಲೆಯೂ ರದ್ದಾಗಿ ಅದರ ಹೆಚ್ಚಿನ ಭಾಗ ರಾಯಚೂರಿಗೆ ಸೇರಿತು. ಎರಡೇ ವರ್ಷಗಳ ಅಂತರದಲ್ಲಿ ಛಾವಣಿಯ ಮಹತ್ವವೂ ಜಿಲ್ಲೆಯ ಪಟ್ಟವೂ ಹೋದವು.

ಹೈದರಾಬಾದ್ ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ ಜಿಲ್ಲೆಗಳು. ಕಚೇರಿ, ಕೋರ್ಟು, ಉನ್ನತ ಶಿಕ್ಷಣಗಳ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವೇ ಬೋಧನಾ ಮಾಧ್ಯಮವಾಯಿತು. ಸಂಸ್ಥಾನದ ಭೂಮಿಯಲ್ಲಿ ಸುಮಾರು ಶೇ 40ರಷ್ಟು ಜಾಗೀರುದಾರರ ಮತ್ತು ‘ಸರ್ಫ್-ಎ-ಖಾಸ್’ ಎಂಬ ನಿಜಾಮನ ಖಾಸಗಿ ಸ್ವತ್ತಿನ ಹಿಡಿತದಲ್ಲಿತ್ತು. ಸಾರ್ವಜನಿಕ ಸಭೆ ನಡೆಸಬೇಕಾದರೆ ‘ಗಸ್ತಿ ನಿಶಾನ್ 53’ ಎಂದು ಕುಖ್ಯಾತವಾದ ಸುತ್ತೋಲೆಯಂತೆ ಸರ್ಕಾರದ ಅನುಮತಿ ಪಡೆಯಬೇಕಿತ್ತು.

ಇಂಥ ಕಡೆ ಶಾಲೆ, ವಾಚನಾಲಯ, ಸಾಹಿತ್ಯ ಸಭೆಗಳೇ ರಾಜಕೀಯದ ಮೊದಲ ಪಾಠಶಾಲೆಗಳಾದವು. 1920ರ ದಶಕದ ಆರಂಭದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಸರೋದ್ ವಾದಕ ರಾಜೀವ ತಾರಾನಾಥರ ತಂದೆಯಾದ ಇವರು ಜಾತಿ ಮತಗಳ ಗೋಡೆ ಮೀರಿದ ಶಿಕ್ಷಣದ ಕನಸು ಕಂಡವರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆಯಿತು. ರಾಜಕೀಯ ಸಭೆಗೆ ಕಡಿವಾಣವಿದ್ದ ಸಂಸ್ಥಾನದಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರಿದ್ದೇ ಒಂದು ಘಟನೆಯಾಗಿತ್ತು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪಿಸಲು ಯತ್ನ ನಡೆಯಿತು. ಸಂಘಟನೆ ರೂಪುಗೊಳ್ಳುವ ಮೊದಲೇ ಸರ್ಕಾರ ಅದನ್ನು ನಿಷೇಧಿಸಿತು. ಅಕ್ಟೋಬರ್‌ನಲ್ಲಿ ಸತ್ಯಾಗ್ರಹ ಆರಂಭವಾಗಿ ಸ್ವಾಮಿ ರಮಾನಂದ ತೀರ್ಥರೂ ಸೇರಿದಂತೆ ಅನೇಕರು ಜೈಲು ಸೇರಿದರು. ‘ವಂದೇ ಮಾತರಂ’ ಹಾಡಿದ್ದಕ್ಕಾಗಿ ಉಸ್ಮಾನಿಯಾದ ಮತ್ತು ಗುಲ್ಬರ್ಗದ ವಿದ್ಯಾರ್ಥಿಗಳು ಕಾಲೇಜಿನಿಂದ ಹೊರಬಿದ್ದರು. 1939ರಲ್ಲಿ ಧಾರ್ಮಿಕ ಹಕ್ಕುಗಳಿಗಾಗಿ ಆರ್ಯ ಸಮಾಜದ ಸತ್ಯಾಗ್ರಹ ನಡೆಯಿತು. ಸ್ಟೇಟ್ ಕಾಂಗ್ರೆಸ್ ಮೇಲಿನ ನಿಷೇಧ ತೆರವಾದದ್ದು 1946ರಲ್ಲಿ.

ನದಿ ದಾಟಿದರೆ ಬೇರೆ ದೇಶ

1947ರ ಜೂನ್‌ನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತನ್ನ ಸಂಸ್ಥಾನ ಭಾರತಕ್ಕೂ ಸೇರದು, ಪಾಕಿಸ್ತಾನಕ್ಕೂ ಸೇರದು ಎಂಬ ನಿಲುವನ್ನು ಪ್ರಕಟಿಸಿದ. ಆಗಸ್ಟ್ 7ರಂದು ಸ್ಟೇಟ್ ಕಾಂಗ್ರೆಸ್ ‘ಭಾರತ ಸೇರಿ’ ದಿನವನ್ನು ಆಚರಿಸಿತು. ಆಗಸ್ಟ್ 15ರಂದು ರಮಾನಂದ ತೀರ್ಥರು ಹೈದರಾಬಾದ್ ನಗರದಲ್ಲಿ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ನಿಜಾಮನಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು.

ಅಂದಿನ ಗಡಿ ಎಂದರೆ ಕೇವಲ ನಕಾಶೆಯ ಗೆರೆಯಲ್ಲ. ನದಿ ದಾಟಿದರೆ ಹಣವೇ ಬೇರೆ. ನಿಜಾಮನ ‘ಹಾಲಿ ಸಿಕ್ಕಾ’ ಏಳು ರೂಪಾಯಿ ಕೊಟ್ಟರೆ ಬ್ರಿಟಿಷ್ ಇಂಡಿಯಾದ ಆರು ರೂಪಾಯಿ. ಗಡಿಯಲ್ಲಿ ಸುಂಕ ವಸೂಲಿ ಮಾಡುವ ಕರೋಡಗಿರಿ ನಾಕಾಗಳು. ಅಂಚೆಚೀಟಿ, ರೈಲು, ಸೇನೆ ಎಲ್ಲವೂ ಬೇರೆ.

ಆದರೆ ಅದೇ ಗಡಿ ಹೋರಾಟಗಾರರಿಗೆ ಆಸರೆಯೂ ಆಯಿತು. ಸಂಸ್ಥಾನದೊಳಗೆ ಸಂಘಟನೆ ಅಸಾಧ್ಯವಾದಾಗ ಹೋರಾಟಗಾರರು ಭಾರತದ ನೆಲಕ್ಕೆ ದಾಟಿ ಗಡಿ ಶಿಬಿರಗಳನ್ನು ತೆರೆದರು. ಬಾಂಬೆ ಪ್ರಾಂತ್ಯದಲ್ಲಿದ್ದ ಮುಂಡರಗಿ ಶಿಬಿರವನ್ನು ಅಳವಂಡಿ ಶಿವಮೂರ್ತಿ ಸ್ವಾಮಿ ಮುನ್ನಡೆಸಿದರು. ಗಜೇಂದ್ರಗಡ ಶಿಬಿರದ ನೇತೃತ್ವ ವಹಿಸಿದವರು ಪುಂಡಲೀಕಪ್ಪ ಜ್ಞಾನಮೋಠೆ. ಶಿಬಿರಗಳಲ್ಲಿ ತರಬೇತಿ ಪಡೆದ ಯುವಕರು ರಾತ್ರಿ ಗಡಿಯೊಳಗೆ ನುಗ್ಗಿ ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಸಿ ಹಿಂದಿರುಗುತ್ತಿದ್ದರು. ಹಳ್ಳಿಗಳ ಜನ ಅವರಿಗೆ ಅನ್ನ ನೀಡಿದರು, ಸುದ್ದಿ ಮುಟ್ಟಿಸಿದರು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಆ ಬೆಲೆ ವಸೂಲಿಗೆ ನಿಂತವರು ರಜಾಕಾರರು. ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಈ ಸ್ವಯಂಸೇವಕ ಪಡೆ, ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದಲ್ಲಿ ಸಶಸ್ತ್ರ ದಳವಾಗಿ ಬೆಳೆಯಿತು. ಲೂಟಿ, ಬೆಂಕಿ, ಕೊಲೆಗಳಿಗೆ ಅಂಜಿ ಗಡಿನಾಡಿನ ಕುಟುಂಬಗಳು ಬಳ್ಳಾರಿ, ಬಿಜಾಪುರ, ಧಾರವಾಡ, ಸೊಲ್ಲಾಪುರ ಜಿಲ್ಲೆಗಳಿಗೆ ವಲಸೆ ಹೋದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡ ಈ ಕಾಲದ ಅತ್ಯಂತ ಕರಾಳ ಘಟನೆ. ರಜಾಕಾರರ ವಿರುದ್ಧ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲ್ಲಲಾಯಿತು. ಈ ಹೋರಾಟವನ್ನು ಎರಡು ಧರ್ಮಗಳ ಜಗಳವೆಂದು ಸರಳಗೊಳಿಸುವವರು ಶೋಯೆಬುಲ್ಲಾ ಅವರ ಹೆಸರನ್ನು ಮರೆಯಬಾರದು.

ಐದು ದಿನಗಳ ಕಾರ್ಯಾಚರಣೆ

1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಭಾರತೀಯ ಸೇನೆ ಸಂಸ್ಥಾನದೊಳಗೆ ಪ್ರವೇಶಿಸಿತು. ಸೇನೆಯ ದಾಖಲೆಗಳಲ್ಲಿ ಅದು ‘ಆಪರೇಷನ್ ಪೋಲೊ’. ಜನರ ಬಾಯಲ್ಲಿ ‘ಪೊಲೀಸ್ ಕಾರ್ಯಾಚರಣೆ’. ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ, ಮತ್ತೊಂದು ಪಡೆ ವಿಜಯವಾಡದ ಕಡೆಯಿಂದ ಮುನ್ನುಗ್ಗಿತು.

ದೋಆಬಿನ ಜನರಿಗೆ ಮುಖ್ಯವಾದದ್ದು ತುಂಗಭದ್ರೆಯ ದಿಕ್ಕು. ಹೊಸಪೇಟೆ ಭಾಗದಲ್ಲಿ ಮೈಸೂರು ಪಡೆ, ರಜಾಕಾರರ ಮತ್ತು ಪಠಾಣರ ವಶದಲ್ಲಿದ್ದ ಸಕ್ಕರೆ ಕಾರ್ಖಾನೆಯನ್ನು ಗೆದ್ದುಕೊಂಡಿತು. ತುಂಗಭದ್ರಾ ರೈಲ್ವೆ ಸೇತುವೆಗಾಗಿ 5ನೇ ಗೂರ್ಖಾ ರೈಫಲ್ಸ್‌ನ 5ನೇ ಬೆಟಾಲಿಯನ್ ಸೆಣಸಿತು. ಎಡದಂಡೆಯಿಂದ ಗುಂಡಿನ ಮಳೆ ಸುರಿಯುತ್ತಿದ್ದಾಗ ನಾಯಕ್ ನರ್ ಬಹಾದ್ದೂರ್ ಥಾಪಾ ಬಯಲಿನಲ್ಲಿ ಓಡಿ ಹೋಗಿ, ಕುಕ್ರಿಯಿಂದಲೇ ವೈರಿಯ ಮೆಷಿನ್ ಗನ್ ಠಾಣೆಯನ್ನು ಅಡಗಿಸಿದರು. ಸೇತುವೆ ವಶವಾಯಿತು. ಥಾಪಾ ಅವರಿಗೆ ಮುಂದೆ ಅಶೋಕ ಚಕ್ರ ಸಂದಿತು. ಅದೇ ದಿನ ನಳದುರ್ಗದ ಬಳಿ ಮಡಿದ ಹವಾಲ್ದಾರ್ ಬಚಿತ್ತರ್ ಸಿಂಗ್ ಅವರಿಗೂ ಅದೇ ಗೌರವ ದೊರೆಯಿತು. ‘ಪೊಲೀಸ್’ ಕಾರ್ಯಾಚರಣೆ ಎನಿಸಿಕೊಂಡರೂ ಅದು ನಿಜವಾದ ಯುದ್ಧವೇ ಆಗಿತ್ತು ಎಂಬುದಕ್ಕೆ ಈ ಎರಡು ಪದಕಗಳು ಸಾಕ್ಷಿ.

ಸೆಪ್ಟೆಂಬರ್ 17ರ ಸಂಜೆ ನಿಜಾಮ ಕದನ ವಿರಾಮ ಘೋಷಿಸಿದ. ಮರುದಿನ ಅವನ ಸೇನಾಧಿಪತಿ ಎಲ್ ಎದ್ರೂಸ್ ಚೌಧುರಿ ಅವರಿಗೆ ಶರಣಾದ.

ಸಂಭ್ರಮದ ಹಿಂದೆ ಒಂದು ಕಹಿ ಅಧ್ಯಾಯವೂ ಇದೆ. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅದರ ಬೆನ್ನಲ್ಲೇ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ಪ್ರತೀಕಾರದ ದಾಳಿಗಳು ನಡೆದವು. ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದ ಬಡವರೂ ಬಲಿಯಾದರು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ ಜಿಲ್ಲೆಗಳು ಅತಿ ಹೆಚ್ಚು ನಲುಗಿದವು ಎಂದಿತು. ಆ ವರದಿ ಸಾರ್ವಜನಿಕರಿಗೆ ದೊರೆತದ್ದು 2013ರಲ್ಲಿ. ವಿಮೋಚನೆಯ ಕಥೆಯನ್ನು ಪೂರ್ಣವಾಗಿ ಹೇಳಬೇಕಾದರೆ ಗೋರಟಾದ ಜೊತೆಗೆ ಇದನ್ನೂ ಹೇಳಬೇಕಾಗುತ್ತದೆ.

ಧ್ವಜ ಏರಿದ ಮೇಲೆ

ಸೈನಿಕ ಆಡಳಿತದ ಅವಧಿಯಲ್ಲಿ, 1949ರಲ್ಲಿ, ಜಾಗೀರು ಪದ್ಧತಿ ರದ್ದಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ನಿಜಾಮ ಭಾರತದ ಸಂವಿಧಾನವನ್ನು ಒಪ್ಪಿಕೊಂಡ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಜನ ಮೊದಲ ಬಾರಿಗೆ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಸಿಂಧನೂರು, ಲಿಂಗಸುಗೂರುಗಳಿಗೆ ಹೊಂದಿಕೊಂಡ ಕುಷ್ಟಗಿಯ ಹೆಸರಿನ ಲೋಕಸಭಾ ಕ್ಷೇತ್ರದಿಂದ, ಮುಂಡರಗಿ ಶಿಬಿರದ ನಾಯಕ ಶಿವಮೂರ್ತಿ ಸ್ವಾಮಿ ಪಕ್ಷೇತರರಾಗಿ ಗೆದ್ದು ಸಂಸತ್ತಿಗೆ ಹೋದರು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ವಿಸರ್ಜನೆಗೊಂಡಿತು. ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಸಿಂಧನೂರಿನವರಿಗೂ ಸಿರುಗುಪ್ಪದವರಿಗೂ ರಾಜಧಾನಿ ಒಂದೇ ಆಯಿತು.

ಆದರೆ ಮನ್ನಣೆ ಮಾತ್ರ ಮತ್ತೆ ತಡವಾಗಿಯೇ ಬಂತು. 1947ರ ಆಗಸ್ಟ್ 15ರ ನಂತರ ಜೈಲಿಗೆ ಹೋದವರು ಸ್ವಾತಂತ್ರ್ಯ ಹೋರಾಟಗಾರರೇ ಎಂಬ ಪ್ರಶ್ನೆ ಕಡತಗಳಲ್ಲಿ ಸುಳಿದಾಡುತ್ತಿತ್ತು. ಗಡಿ ಶಿಬಿರಗಳಲ್ಲಿದ್ದವರ ಬಳಿ ಜೈಲಿನ ದಾಖಲೆಯೂ ಇರಲಿಲ್ಲ. ಹೈದರಾಬಾದ್ ವಿಮೋಚನಾ ಹೋರಾಟವನ್ನು ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರ ಪಿಂಚಣಿಗೆ ಪರಿಗಣಿಸಿದ್ದು 1985ರಲ್ಲಿ. ಅಷ್ಟರಲ್ಲಿ 37 ವರ್ಷ ಕಳೆದಿತ್ತು. ಅಂದಿನ ಯುವಕರಲ್ಲಿ ಅನೇಕರು ಇರಲಿಲ್ಲ.

ಶಿಕ್ಷಣ, ನೌಕರಿ, ನೀರಾವರಿಗಳಲ್ಲಿ ಈ ಭಾಗ ಹಿಂದುಳಿದದ್ದಕ್ಕೆ ಎರಡು ಒಡೆತನಗಳ ದೀರ್ಘ ಇತಿಹಾಸವೂ ಕಾರಣ ಎಂಬ ವಾದ ದಶಕಗಳ ಕಾಲ ನಡೆಯಿತು. ವೈಜನಾಥ ಪಾಟೀಲರಂಥ ಹೋರಾಟಗಾರರು ವಿಶೇಷ ಸ್ಥಾನಮಾನದ ಬೇಡಿಕೆಯನ್ನು ಜೀವಂತವಾಗಿಟ್ಟರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನದ 371(ಜೆ) ವಿಧಿಗೆ ಒಪ್ಪಿಗೆ ನೀಡಿತು. ಇದರಿಂದ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಹಾಗೂ ಪ್ರತ್ಯೇಕ ಅಭಿವೃದ್ಧಿ ಮಂಡಳಿ ದೊರೆತವು. 2018ರಲ್ಲಿ ಮಸ್ಕಿ ಪ್ರತ್ಯೇಕ ತಾಲ್ಲೂಕಾಯಿತು. 2019ರ ಸೆಪ್ಟೆಂಬರ್ 17ರಂದು ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು ‘ಕಲ್ಯಾಣ ಕರ್ನಾಟಕ’ವಾಯಿತು.

371(ಜೆ) ವ್ಯಾಪ್ತಿಯಲ್ಲಿ 1800ರ ನಂತರ ನಿಜಾಮನ ಆಳ್ವಿಕೆಗೆ ಸೇರದಿದ್ದ ಬಳ್ಳಾರಿಯೂ ಇದೆ. 1800ರ ಒಪ್ಪಂದ ಬೇರೆ ಮಾಡಿದ್ದ ತುಂಗಭದ್ರೆಯ ಎರಡು ದಂಡೆಗಳು ಈಗ ಒಂದೇ ವಿಧಿಯ ಅಡಿ ಸೇರಿವೆ. ಸುರಪುರದಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟಿ ಸಿರುಗುಪ್ಪಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಇಂದು ಯಾವ ನಾಕಾ ಕೂಡ ಇಲ್ಲ, ಹಾಲಿ ಸಿಕ್ಕಾ ಬದಲಿಸಿಕೊಳ್ಳುವ ಅಗತ್ಯವೂ ಇಲ್ಲ. ರಾಜ್ಯದ ಉಳಿದ ಭಾಗದಲ್ಲಿ ವರ್ಷಕ್ಕೊಮ್ಮೆ ಆಗಸ್ಟ್ 15ರಂದು ಧ್ವಜ ಏರಿದರೆ, ಈ ಊರುಗಳಲ್ಲಿ ಸೆಪ್ಟೆಂಬರ್ 17ರಂದು ಮತ್ತೊಮ್ಮೆ ಏರುತ್ತದೆ. ಆ ಎರಡನೆಯ ಧ್ವಜ ಏಕೆ ಎಂದು ಮಕ್ಕಳು ಕೇಳಿದರೆ, ಉತ್ತರವನ್ನು 1948ರಿಂದಲ್ಲ, ಸಾಲಕ್ಕೆ ನೆಲ ಹೋದ 1853ರಿಂದ ಆರಂಭಿಸಬೇಕು.

ಪ್ರಮುಖ ಘಟ್ಟಗಳು

* 1800: ಬಳ್ಳಾರಿ ಸೀಮೆ ಕಂಪನಿಗೆ, ತುಂಗಭದ್ರೆ ಗಡಿಯಾಯಿತು
* 1853: ರಾಯಚೂರು ದೋಆಬ್ ಬ್ರಿಟಿಷ್ ಆಡಳಿತಕ್ಕೆ
* 1858 ಫೆಬ್ರುವರಿ: ಲಿಂಗಸುಗೂರಿನ ಪಡೆಯಿಂದ ಸುರಪುರದ ಮೇಲೆ ದಾಳಿ
* 1858 ಜೂನ್ 1: ಕೊಪ್ಪಳ ಕೋಟೆಯಲ್ಲಿ ಮುಂಡರಗಿ ಭೀಮರಾವ್, ಕೆಂಚನಗೌಡ ವೀರಮರಣ
* 1860: ದೋಆಬ್ ಮರಳಿ ನಿಜಾಮನಿಗೆ
* 1905: ಲಿಂಗಸುಗೂರು ಜಿಲ್ಲೆ ರದ್ದು
* 1938: ಸ್ಟೇಟ್ ಕಾಂಗ್ರೆಸ್‌ಗೆ ನಿಷೇಧ, ಸತ್ಯಾಗ್ರಹ
* 1947 ನವೆಂಬರ್ 29: ಯಥಾಸ್ಥಿತಿ ಒಪ್ಪಂದ
* 1948 ಸೆಪ್ಟೆಂಬರ್ 13ರಿಂದ 17: ಪೊಲೀಸ್ ಕಾರ್ಯಾಚರಣೆ, ವಿಮೋಚನೆ
* 1956 ನವೆಂಬರ್ 1: ಮೈಸೂರು ರಾಜ್ಯಕ್ಕೆ ಸೇರ್ಪಡೆ
* 1985: ವಿಮೋಚನಾ ಹೋರಾಟಕ್ಕೆ ಪಿಂಚಣಿ ಮನ್ನಣೆ
* 2012: 371(ಜೆ) ವಿಧಿಗೆ ಸಂಸತ್ತಿನ ಒಪ್ಪಿಗೆ